ಹೆಸರು ಹಾಕಿ, ತಾರೀಕು ಹಾಕಿ

"ಸರ, ನಮ್ಮ ಅಂಗಡಿಗೊಂದು ವೆಬ್‌ಸೈಟ್ ಮಾಡಿಸಬೇಕ್ರಿ. ಏನೇನ್ ಬೇಕಾಗ್ತೈತಿ?" ತುರ್ವಿಹಾಳದಂಥ ಊರಿನಲ್ಲಿ ಕಂಪ್ಯೂಟರ್ ಬಲ್ಲವರೆಂದು ಹೆಸರು ಬಿದ್ದ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಬೀಜ-ಗೊಬ್ಬರದವರು, ಅಕ್ಕಿ ಗಿರಣಿಯವರು, ಟ್ಯೂಷನ್ ನಡೆಸುವವರು, ದೊಡ್ಡಾಟ ಆಡುವವರು, ಎಲ್ಲರೂ ಕೇಳುತ್ತಾರೆ. ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಒಂದು ಚಿತ್ರ ತಯಾರಾಗಿರುತ್ತದೆ: ಪಕ್ಕಕ್ಕೆ ಸರಿಯುವ ಫೋಟೊಗಳು, ಮಿನುಗುವ ಅಕ್ಷರ, ಪುಟ ತೆರೆದ ಕೂಡಲೇ ಶುರುವಾಗುವ ಹಾಡು. ನನ್ನ ಉತ್ತರ ಅವರಿಗೆ ಸಪ್ಪೆ ಎನಿಸುತ್ತದೆ. ಮೊದಲು ನಿಮ್ಮ ಹೆಸರು ಹಾಕಿ, ಊರಿನ ಹೆಸರು ಹಾಕಿ, ಪುಟ ಬರೆದ ತಾರೀಕು ಹಾಕಿ. ಮಿನುಗುವುದೆಲ್ಲ ಆಮೇಲೆ.

ಇದೇಕೆ ಅಷ್ಟು ಮುಖ್ಯ ಎಂದು ತಿಳಿಯಲು ಮಸ್ಕಿಯವರೆಗೆ ಹೋದರೆ ಸಾಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದ. ಬಂಡೆ-ಕಂಬಗಳ ಮೇಲಿನ ಬರಹವೆಲ್ಲ ಓದಲು ಬಂತು. ಆದರೆ ಬರೆಸಿದವನು ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆದುಕೊಂಡಿದ್ದ. ಇವನು ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳಿದ್ದರೂ ಕಲ್ಲಿನ ಮೇಲೆ ಆ ಹೆಸರು ಕಂಡವರಿರಲಿಲ್ಲ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಈ ಕಡೆ ಅಲೆದಾಡುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ 'ಅಶೋಕ' ಎಂದು ಸ್ಪಷ್ಟವಾಗಿ ಕೊರೆದಿತ್ತು. ಆಮೇಲೆ ಹೊಳೆಯಾಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಅಂಥ ಚಕ್ರವರ್ತಿಯ ಗುರುತು ಕಲ್ಲಿನಿಂದಲೇ ಖಾತ್ರಿಯಾಗಲು ಲಿಪಿ ಓದಿದ ಮೇಲೂ 78 ವರ್ಷ ಹಿಡಿಯಿತು. 'ನಮ್ಮ ಜಾತ್ರೆ ಮುಂದಿನ ಸೋಮವಾರ' ಎಂದು ವರ್ಷ ಹಾಕದೆ ಬರೆದಿಟ್ಟ ಪುಟವನ್ನು ನಾಳೆ ಓದುವವರ ಪಾಡೇನು?

ಬಂಡೆಗೆ ಇನ್ನೊಂದು ಗುಣವಿತ್ತು. ಅದನ್ನು ಯಾರೂ ಬಂದ್ ಮಾಡಲಿಲ್ಲ. "ಫೇಸ್‌ಬುಕ್ ಐತಲ್ರಿ, ವಾಟ್ಸ್ಆ್ಯಪ್ ಗ್ರೂಪ್ ಐತಲ್ರಿ, ಮತ್ಯಾಕ ವೆಬ್‌ಸೈಟ್?" ಎನ್ನುವವರಿಗೆ ನಾನು ಟಿಕ್‌ಟಾಕ್ ನೆನಪಿಸುತ್ತೇನೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಅದೂ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ತಪ್ಪು-ಸರಿ ಬೇರೆ ಮಾತು. ಜನಪದ ಹಾಡುವ, ಹೊಲದಲ್ಲಿ ನಿಂತು ಕುಣಿಯುವ, ನಗಿಸುವ ಎಷ್ಟೋ ಹಳ್ಳಿ ಮಂದಿ ಗಳಿಸಿದ್ದ ನೋಡುಗರು ಅದರೊಂದಿಗೆ ಕೈತಪ್ಪಿದರು. ಮೊಬೈಲಿನಲ್ಲಿ ಪ್ರತಿ ಇಟ್ಟುಕೊಳ್ಳದವರ ಪಾಲಿಗೆ ವಿಡಿಯೊಗಳೂ ಹೋದವು. ಅದಕ್ಕೂ ಮುನ್ನ 2014ರಲ್ಲಿ ಆರ್ಕುಟ್ ಮುಚ್ಚಿತ್ತು. 2009ರಲ್ಲಿ ಯಾಹೂ ಕಂಪನಿ ಜಿಯೊಸಿಟೀಸ್ ಮುಚ್ಚಿದಾಗ ಜಗತ್ತಿನಾದ್ಯಂತ ಉತ್ಸಾಹಿಗಳು ಬಿಟ್ಟಿಯಾಗಿ ಕಟ್ಟಿಕೊಂಡಿದ್ದ ಲಕ್ಷಾಂತರ ಪುಟಗಳಿಗೆ ನೆಲೆ ತಪ್ಪಿತು. ಜಾಹೀರಾತಿಗೆ ಫೇಸ್‌ಬುಕ್ ಇರಲಿ, ಬೇಡವೆನ್ನುವುದಿಲ್ಲ. ಉಳಿಯಬೇಕಾದದ್ದನ್ನು ಮಾತ್ರ ನಿಮ್ಮ ಹೆಸರಿನ ಜಾಗದಲ್ಲಿ ಇಡಿ. ಬರೆದ ಪುಟವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೂ ಒಮ್ಮೆ ಸೇರಿಸಿ. ಅದಕ್ಕೆ ಖರ್ಚಿಲ್ಲ.

ಕನ್ನಡದ ಮಟ್ಟಿಗೆ ಈ ದಾರಿ ತುಳಿದವರು ಪಟ್ಟ ಪಾಡು ಇಂದಿನ ಹುಡುಗರಿಗೆ ಗೊತ್ತಿಲ್ಲ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲಿ 'ವಿಶ್ವ ಕನ್ನಡ' ಜಾಲತಾಣ ಶುರು ಮಾಡಿದರು. ಓದುವವರ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳೇ ಇರದಿದ್ದ ಕಾಲ ಅದು. ಒಬ್ಬೊಬ್ಬರದು ಒಂದೊಂದು ಫಾಂಟ್, ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರಗಳ ಕಲಬೆರಕೆ. ಕನ್ನಡಕ್ಕೆ 1991ರಲ್ಲೇ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತ್ತಾದರೂ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬಂದ ಮೇಲೆಯೇ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕಾಣಿಸಿಕೊಂಡದ್ದು. ಇಷ್ಟಾಗಿಯೂ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಎನ್‌ಕೋಡಿಂಗ್‌ನ ನುಡಿ ಫಾಂಟ್ ಬಿಟ್ಟಿಲ್ಲ. ಅದರಲ್ಲಿ ಟೈಪ್ ಮಾಡಿಸಿದ ಕರಪತ್ರವನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಓದುಗನ ಮೊಬೈಲಿನಲ್ಲಿ ಕನ್ನಡ ಕಾಣುವುದಿಲ್ಲ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಕರಪತ್ರದ ಫೋಟೊವನ್ನೇ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಸೋಮಾರಿತನ. ಯೂನಿಕೋಡ್‌ನ ಒಂದು ಕನ್ನಡ ಚಿಹ್ನೆ ವೆಬ್ ಪುಟದಲ್ಲಿ 3 ಬೈಟ್ ಹಿಡಿಯುತ್ತದೆ. ಅಂಥ ಎರಡು ಸಾವಿರ ಚಿಹ್ನೆಗಳ ಬರಹ ಆರು ಸಾವಿರ ಬೈಟ್ ಆಯಿತು. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಒಂದೇ ಫೋಟೊದ ಜಾಗದಲ್ಲಿ ಅಂಥ ಆರುನೂರಕ್ಕೂ ಹೆಚ್ಚು ಬರಹ ಹಿಡಿಸುತ್ತವೆ. ಸಿಗ್ನಲ್ ಒಂದೇ ಗೆರೆ ತೋರಿಸುವ ಹೊಲದಲ್ಲಿ ನಿಂತು ಬೀಜದ ದರ ನೋಡುವ ರೈತನಿಗೆ ಬರಹ ತೆರೆದುಕೊಳ್ಳುತ್ತದೆ, ಫೋಟೊ ಸುತ್ತುತ್ತಲೇ ಇರುತ್ತದೆ.

ಡೊಮೇನ್ ಕೊಳ್ಳುವಾಗ ಎರಡು ಎಚ್ಚರ. ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಲಿ. ಮಾಡಿಕೊಟ್ಟವನ ಹೆಸರಿನಲ್ಲಿದ್ದರೆ ಅವನು ಊರು ಬಿಟ್ಟ ದಿನ ನಿಮ್ಮ ಅಂಗಡಿಯ ಬೋರ್ಡೂ ಹೋದ ಹಾಗೆ. ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ಎರಡನೇ ವರ್ಷದ ದರ ಕೇಳಿ. ಇನ್ನು, ನಮ್ಮ ಊರನ್ನು ತುರ್ವಿಹಾಳ ಎಂದು ಬರೆಯುವವರಿದ್ದಾರೆ, ತುರುವಿಹಾಳ ಎಂದು ಬರೆಯುವವರೂ ಇದ್ದಾರೆ, ಇಂಗ್ಲಿಷಿನಲ್ಲಂತೂ ಕೇಳುವುದೇ ಬೇಡ. ಪುಟದಲ್ಲಿ ಎಲ್ಲವೂ ಒಂದೊಂದು ಸಲ ಬರಲಿ, ಹುಡುಕುವವರು ಹೇಗೆ ಬರೆದರೂ ಸಿಗಲಿ.

ಇಷ್ಟೆಲ್ಲ ಮಾಡಲು ಮನೆಯಲ್ಲಿ ಕರೆಂಟ್ ಇರಬೇಕಲ್ಲ. ನಮ್ಮ ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಅದೇ ಜಿಲ್ಲೆಯವರಾದ ನಾವು ಇನ್ವರ್ಟರ್ ಕೊಳ್ಳುತ್ತೇವೆ. ಈ ಬಗ್ಗೆ ಬರೆಯಲು ಹೊರಟರೆ ಅಂಕಣ ಸಾಲದು. ಮಾತಿನಿಂದ ಹೊತ್ತಿಕೊಳ್ಳುವ ಬಲ್ಬು, ತಾನೇ ಓಡಾಡುವ ಕಸಬರಿಗೆ ಇವಕ್ಕೆಲ್ಲ ಹಣ ಸುರಿಯುವ ಮುನ್ನ ರೌಟರ್‌ಗೊಂದು ಪುಟ್ಟ ಯುಪಿಎಸ್ ತನ್ನಿ. ಸಾಮಾನ್ಯ ರೌಟರ್ 12 ವೋಲ್ಟ್‌ನಲ್ಲಿ ನಡೆಯುತ್ತದೆ, ಹತ್ತು ಹನ್ನೆರಡು ವ್ಯಾಟ್ ಅದಕ್ಕೆ ಸಾಕು. ಫ್ಯಾನು ನಿಂತರೂ ಮಕ್ಕಳ ಆನ್‌ಲೈನ್ ಪರೀಕ್ಷೆ ನಿಲ್ಲುವುದಿಲ್ಲ. ನಮ್ಮ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ವೈಫೈ ಸಿಗ್ನಲ್ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದ್ದಂತೆ, ಮೇಲಿನವರಿಗೆ ಧಾರಾಳ, ಕೊನೆ ಭಾಗದವರಿಗೆ ಹನಿ. ರೌಟರನ್ನು ಪಡಸಾಲೆಯ ಮೂಲೆಯ ಗೂಡಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡಿ. ಒಳಕೋಣೆಯಲ್ಲಿ 5 ಗಿಗಾಹರ್ಟ್ಸ್ ಬದಲು 2.4 ಆರಿಸಿಕೊಳ್ಳಿ, ಅದು ಗೋಡೆ ದಾಟುವುದರಲ್ಲಿ ಜಾಣ.

ಜಗತ್ತಿನ ಮೊದಲ ವೆಬ್‌ಸೈಟ್ ಇದ್ದ ಟಿಮ್ ಬರ್ನರ್ಸ್-ಲೀ ಅವರ ಕಂಪ್ಯೂಟರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿತ್ತು: ಇದು ಸರ್ವರ್, ಆರಿಸಬೇಡಿ ಎಂದು. ಸರ್ನ್‌ನಂಥ ಸಂಶೋಧನಾ ಕೇಂದ್ರಕ್ಕೇ ಚೀಟಿ ಬೇಕಾಯಿತೆಂದರೆ ನಮ್ಮ ಮನೆಗೆ ಬೇಡವೇ? ಡ್ರಾಯರ್ ತುಂಬ ಕರೀ ಅಡಾಪ್ಟರ್‌ಗಳಿರುತ್ತವೆ. 9 ವೋಲ್ಟಿನ ಯಂತ್ರಕ್ಕೆ 12 ವೋಲ್ಟಿನದು ಸಿಕ್ಕಿಸಿದರೆ ಯಂತ್ರ ಸುಟ್ಟೀತು. ಯಾವುದು ಯಾವುದರದೆಂದು ಒಂದೊಂದರ ಮೇಲೂ ಬರೆಯಿರಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ ತಾರೀಕು ಬ್ಯಾಟರಿಯ ಮೇಲೆಯೇ ಇರಲಿ. ಮನೆ ಮುಂದಿನ ಕ್ಯಾಮೆರಾ ಹಾಕಿಸಿದ ದಿನವೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಪಾಸ್‌ವರ್ಡ್ ಬದಲಿಸದ ಇಂಥ ಕ್ಯಾಮೆರಾ, ರೌಟರ್‌ಗಳನ್ನೇ ಸೇನೆ ಮಾಡಿಕೊಂಡು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತ್ತು.

ನಮ್ಮ ಕಡೆ ಮನೆಯ ಯಂತ್ರಗಳ ಜ್ಞಾನವೆಲ್ಲ ಒಬ್ಬ ಮಗನ ಅಥವಾ ಮಗಳ ತಲೆಯಲ್ಲಿರುತ್ತದೆ. ಅವರು ಕೆಲಸಕ್ಕೆಂದು ಬೆಂಗಳೂರು ಬಸ್ ಹತ್ತಿದ ಮೇಲೆ ವೈಫೈ ನಿಂತರೆ ಮನೆಯವರು ಫೋನ್ ಹಿಡಿದು "ಯಾವ ಬಟನ್ ಒತ್ತಲೋ?" ಎನ್ನುತ್ತ ಕೂರಬೇಕು. ಹಾಗೆ ಊರು ಬಿಡುವವರಲ್ಲಿ ಒಂದು ಕೋರಿಕೆ. ನೆಟ್ ಬಿಲ್ಲಿನ ಖಾತೆ ಸಂಖ್ಯೆ, ಡೊಮೇನ್ ನವೀಕರಿಸುವ ಗಡುವು, ರಿಪೇರಿಯವರ ನಂಬರು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅವ್ವನಿಗೋ ತಮ್ಮನಿಗೋ ಒಮ್ಮೆ ಓದಿ ತೋರಿಸಿ ಹೋಗಿ.