ಅಣ್ಣನಿಗೆ ಹಾಕಿದ ಪ್ರಶ್ನೆ

ಮುಂದಾಳು ತಾನು ಮಾಡಿದ ತಪ್ಪನ್ನು ಜನರ ತಲೆಗೆ ಕಟ್ಟಿದರೆ, ಅವನು ನಮ್ಮ ಒಡಹುಟ್ಟಿದವನೇ ಆಗಿದ್ದರೆ, ಏನು ಮಾಡಬೇಕು? ಬೈಬಲ್ಲಿನ ವಿಮೋಚನಕಾಂಡದ 32ನೇ ಅಧ್ಯಾಯವನ್ನು ನಾವು ಈ ಪ್ರಶ್ನೆ ಇಟ್ಟುಕೊಂಡೇ ಓದುತ್ತೇವೆ. ಬಿಟ್ಟಿ ದುಡಿದವರ ಕತೆ ಅದು. ನಮಗೆ ದೂರದ್ದಲ್ಲ.

ಐಗುಪ್ತದಲ್ಲಿ ಫರೋಹನಿಗೆ ಇಟ್ಟಿಗೆ ಕುಯ್ದು ಬೆನ್ನು ಮುರಿದುಕೊಂಡ ಜನ ಬಿಡುಗಡೆಯಾಗಿ ಸೀನಾಯಿ ಬೆಟ್ಟದ ಬುಡಕ್ಕೆ ಬಂದಿದ್ದಾರೆ. ಮೇಲೆ ಹೋದ ಮೋಶೆ 40 ದಿನ ಇಳಿಯಲಿಲ್ಲ. ದಿಕ್ಕೆಟ್ಟ ಜನ, ನಮ್ಮ ಮುಂದೆ ನಡೆಯೋ ದೇವರನ್ನು ಮಾಡಿಕೊಡು ಅಂತ ಆರೋನನನ್ನು ಸುತ್ತಿಕೊಂಡರು. ಆರೋನ ಮೋಶೆಯ ಅಣ್ಣ, 3 ವರ್ಷ ಹಿರಿಯ. ಫರೋಹನೆದುರು ತಮ್ಮನ ಪರವಾಗಿ ಮಾತಾಡಿದ ಬಾಯಿ ಅವನದು. ಆ ಬಾಯಿ ಇಲ್ಲಿ ಒಂದು ಸಲವೂ 'ಬೇಡ' ಅನ್ನಲಿಲ್ಲ. ಜನರ ಕಿವಿಯ ಚಿನ್ನ ಬಿಚ್ಚಿಸಿದ, ಉಳಿ ಹಿಡಿದು ಕರು ಮಾಡಿದ, ಅದರ ಮುಂದೆ ಬಲಿಪೀಠವನ್ನೂ ಕಟ್ಟಿದ.

ಇಳಿದು ಬಂದ ಮೋಶೆ ಕಟ್ಟಳೆಯ ಕಲ್ಲುಗಳನ್ನು ಒಡೆದ. ಕರುವನ್ನು ಸುಟ್ಟು, ಪುಡಿ ಮಾಡಿ, ನೀರಿಗೆ ಚೆಲ್ಲಿ ಜನಕ್ಕೆ ಕುಡಿಸಿದ. ಆಮೇಲೆ ಅಣ್ಣನ ಕಡೆ ತಿರುಗಿ, ಈ ಜನ ನಿನಗೇನು ಕೇಡು ಮಾಡಿದ್ದರು ಅಂತ ಕೇಳಿದ. ನಮಗೆ ದೊಡ್ಡದಾಗಿ ಕಾಣೋದು ಈ ಪ್ರಶ್ನೆಯೇ. ಒಂದೇ ರಕ್ತ ಅಂತ ಆತ ಬಾಯಿ ಮುಚ್ಚಿಕೊಳ್ಳಲಿಲ್ಲ. ಜನರಿಗೆ ಏನಾಯ್ತು ಅನ್ನೋದನ್ನೇ ಮುಂದಿಟ್ಟ.

ಆರೋನನ ಉತ್ತರ ನಮಗೆ ಚೆನ್ನಾಗಿ ಪರಿಚಯವಿದೆ. ಜನಾನೇ ಕೆಟ್ಟವರು, ಚಿನ್ನ ಬೆಂಕಿಗೆ ಹಾಕಿದೆ, ಕರು ತಾನಾಗೇ ಹೊರಗೆ ಬಂತು! ಉಳಿ ಹಿಡಿದ ಕೈಯ ಸುದ್ದಿಯೇ ಇಲ್ಲ.

ಆಮೇಲೆ? ತಮ್ಮ ಕುಲದವರೇ ಆದ ಲೇವಿಯರ ಕೈಗೆ ಮೋಶೆ ಕತ್ತಿ ಕೊಡಿಸಿದ. ಅಣ್ಣತಮ್ಮ, ಗೆಳೆಯ, ನೆರೆಯವ ಅಂತ ನೋಡದೆ ಕೊಲ್ಲಿ ಅಂದ. ಸುಮಾರು 3,000 ಮಂದಿ ಬಿದ್ದರು. ಹಾಗೆ ಅಪ್ಪಣೆ ಕೊಟ್ಟವನ ಸ್ವಂತ ಅಣ್ಣ ಮಾತ್ರ ಉಳಿದ. ಅವನಿಗಾಗಿ ತಮ್ಮ ದೇವರಲ್ಲಿ ಬೇಡಿಕೊಂಡ ಅಂತ ಧರ್ಮೋಪದೇಶಕಾಂಡ ಹೇಳುತ್ತೆ. ಜನಕ್ಕಾಗಿಯೂ ಬೇಡಿದ, ನಿಜ. ಆದರೆ ಸತ್ತವರು ಜನ. ಮಹಾಯಾಜಕನ ನಿಲುವಂಗಿ ತೊಟ್ಟವನು ಆರೋನ.

ಆರೋನನ ತಲೆಯೂ ಬೀಳಬೇಕಿತ್ತು ಅನ್ನುವವರಲ್ಲ ನಾವು. ಅವನಿಗೆ ಸಿಕ್ಕ ಕ್ಷಮೆ ಆ 3,000 ಮಂದಿಗೆ ಯಾಕೆ ಸಿಗಲಿಲ್ಲ ಅನ್ನುವವರು. ನಮ್ಮವನೇ, ಕೇಳಿದರೆ ಮೇಲಿನವರು ನಗುತ್ತಾರೆ ಅಂತ ನಮ್ಮ ಸಭೆಗಳಲ್ಲೂ ಪಿಸುಗುಟ್ಟುತ್ತಾರೆ. ನಗಲಿ. ನಮ್ಮವನು ಅನ್ನೋದಕ್ಕೇ ಅವನನ್ನು ಕೇಳಬೇಕು. ಉತ್ತರ ಸಾಲದಿದ್ದರೆ ಅವನಿಗೆ ನಿಲುವಂಗಿ ತೊಡಿಸದಿರುವಷ್ಟು ಗಟ್ಟಿತನವೂ ನಮಗಿರಬೇಕು.