ನೆರಳು ಯಾರ ಪಾಲು?

ಮನೆಯ ಮುಂದೆ ಬಾದಾಮಿ ಸಸಿ ನೆಟ್ಟವರನ್ನು ಎಲ್ಲರೂ ಕೇಳುವುದು ಒಂದೇ: "ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತೆ?" ಹೀಗೆ ಕೇಳುವವರಿಗೆ ನಿರಾಸೆ ಖಂಡಿತ. ಅಂಗಡಿಯ ಬಾದಾಮಿ ಗುಲಾಬಿಯ ಕುಟುಂಬದ್ದು, ಚಳಿ ಬೇಡುವಂಥದ್ದು. ನಮ್ಮ ಶಾಲೆಗಳ ಅಂಗಳದಲ್ಲಿ, ಕರಾವಳಿಯ ಮನೆಗಳೆದುರು ಕಾಣುವ ಕಾಡುಬಾದಾಮಿ ಮತ್ತಿ, ಅಳಲೆ, ತಾರೆಗಳ ದಾಯಾದಿ. ಬಾವಲಿ ತಿರುಳು ಕೆರೆದು ಬೀಳಿಸಿದ ಗೊರಟನ್ನು ಒಣಗಿಸಿ, ಮಗ್ಗುಲಾಗಿ ಇಡದೆ ಅಂಚಿನ ಮೇಲೆ ನಿಲ್ಲಿಸಿ ಕಲ್ಲಿನಿಂದ ಕುಟ್ಟಬೇಕು. ನಾರು ಸಿಡಿದು ಬಾಯಿಬಿಟ್ಟರೆ ಒಳಗೆ ಕಿರುಬೆರಳಿಗಿಂತ ಸಪೂರದ, ಸುರುಳಿ ಸುತ್ತಿಕೊಂಡ ಬೀಜ. ರುಚಿ ಬಾದಾಮಿಯದೇ. ಆದರೆ ಹಿಡಿ ಬೀಜಕ್ಕೆ ಒಂದಿಡೀ ಮಧ್ಯಾಹ್ನ ಬೇಕು. ಈ ವ್ಯಾಪಾರ ಗಿಟ್ಟುವುದು ಮಕ್ಕಳಿಗೆ ಮಾತ್ರ.

ಹಾಗಾದರೆ ನೆಡುವುದು ನೆರಳಿಗೆ. ತೊಡಕಿರುವುದೂ ಅಲ್ಲೇ. ಮೂಲತಃ ಇದು ಕಡಲತೀರದ ಮರ. ಕಾಯಿ ಸಮುದ್ರದಲ್ಲಿ ತೇಲಿಹೋಗಿ ಬೇರೆ ದಡದಲ್ಲಿ ಮೊಳೆಯುತ್ತದೆ. ಕೊಂಬೆಗಳು ಸುತ್ತಲೂ ಅಡ್ಡಕ್ಕೆ ಚಾಚುತ್ತವೆ, ಕಾಂಡ ಒಂದಿಷ್ಟು ಮೇಲೇರಿದ ಮೇಲೆ ಮತ್ತೊಂದು ಸುತ್ತು, ಕೊಡೆಯ ಮೇಲೆ ಕೊಡೆ ಬಿಚ್ಚಿದ ಹಾಗೆ. ಬಯಲು ಕಂಡ ಇಂಥ ಜೀವವನ್ನು ಮೂವತ್ತು-ನಲವತ್ತರ ಸೈಟಿಗೆ ತಂದರೆ ಕಾಂಪೌಂಡಿನೊಳಗೆ ಉಳಿಯುವುದು ಬುಡವಷ್ಟೇ. ನೆರಳು ಬೀಳುವುದು ರಸ್ತೆಗೆ, ಪಕ್ಕದ ಮನೆಯ ಕಾರಿಗೆ, ಸೊಪ್ಪು ಮಾರುವಾಕೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವ ಮೂಲೆಗೆ. ವರ್ಷಕ್ಕೆ ಒಂದೆರಡು ಸಲ ಅಂಗೈಗಿಂತ ದೊಡ್ಡ ಎಲೆಗಳು ಕೆಂಪಾಗಿ ಉದುರುತ್ತವೆ. ಎಷ್ಟು ಚೆಂದ ಎಂದು ಫೋಟೊ ತೆಗೆದವರೇ ಮರುದಿನ ಬಂದು "ನಿಮ್ಮ ಮರದ ಕಸ" ಎನ್ನುತ್ತಾರೆ. ನೆರಳಿನ ಲೆಕ್ಕವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನೆಟ್ಟವರಿಗೆ ಪೊರಕೆ, ದಾರಿಹೋಕರಿಗೆ ತಂಪು. ಇದೆಂಥ ನ್ಯಾಯ ಎಂದು ನನಗೂ ಅನ್ನಿಸುತ್ತಿತ್ತು. ಆದರೆ ನಾನು ದಿನವೂ ನಡೆಯುವ ಬೀದಿಯ ತಂಪನ್ನೂ ಯಾರೋ ಗುಡಿಸಿ ಗುಡಿಸಿ ಸಾಕಿದ್ದಾರಲ್ಲ, ಅವರಿಗೆ ನಾನು ಕೊಟ್ಟದ್ದೇನು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ. ಸೈಟಿನ ಮಾಲೀಕರಿಗೆ ಅದೊಂದು ಕಿರಿಕಿರಿ. ನನಗೆ ಕಾಣುವುದು ಬೇರೆ: ಬುಡ ಯಾರದೇ ಆಗಿರಲಿ, ಮರ ಅವರೊಬ್ಬರದಲ್ಲ ಎಂಬುದನ್ನು ಕಾನೂನೂ ಒಪ್ಪಿದೆ. ಒಪ್ಪದಿರುವುದು ನೆರೆಹೊರೆ. ನಮಗೆ ನೆರಳಿನಲ್ಲಿ ಪಾಲು ಬೇಕು, ಕಸದಲ್ಲಿ ಬೇಡ.

ನೆಡುವ ಮನಸ್ಸಿದ್ದರೆ ಗೋಡೆಯಿಂದ, ಕರೆಂಟಿನ ತಂತಿಯಿಂದ ದೂರ ನೆಡಿ. ಅಷ್ಟು ಜಾಗವಿಲ್ಲದಿದ್ದರೆ ಕರಿಬೇವು ಸಾಕು. ಎದುರುಮನೆಯವರು ಬೆಳೆಸಿದ ಮರದಡಿ ದಿನವೂ ಗಾಡಿ ನಿಲ್ಲಿಸುತ್ತೀರಾದರೆ, ವಾರಕ್ಕೊಮ್ಮೆ ನೀವೂ ಪೊರಕೆ ಹಿಡಿಯಿರಿ.