ಕಾಣದಂತೆ ಇರುವುದು ಮರ್ಯಾದೆಯೆ?

ನಮ್ಮ ಕಡೆ ಹಿರಿಯರ ಮರ್ಯಾದೆ ಕಾಯುವುದೆಂದರೆ ಬಹಳ ಸಲ ಕಂಡದ್ದನ್ನು ಕಾಣದಂತೆ ಇರುವುದು. ಅತ್ತೆಯ ಹಾಸಿಗೆ ಒದ್ದೆಯಾಗಿದೆ ಎಂದು ಸೊಸೆಗೆ ಗೊತ್ತು. ಅವಳಿಗೆ ಗೊತ್ತಾಗಿದೆ ಎಂದು ಅತ್ತೆಗೂ ಗೊತ್ತು. ಸೊಸೆ ಕೋಣೆಯಲ್ಲಿ ಊದುಬತ್ತಿ ಹಚ್ಚುತ್ತಾಳೆ. ಇಬ್ಬರೂ ಮಾತಾಡುವುದು ಮಾತ್ರ ಇವತ್ತು ನಳ ಬರುತ್ತದೋ ಇಲ್ಲವೋ ಎಂಬುದರ ಬಗ್ಗೆ. ಅದೂ ಹುಸಿ ಮಾತಲ್ಲ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ತಾಸಿನ ನೀರು ಬಂದಾಗಲೂ ಉಳಿದ ಓಣಿಗಳವರು ದಿನ ಎಣಿಸುತ್ತಲೇ ಇದ್ದೆವು. ಒಂದು ಕೌದಿ ಒಗೆಯಲು ಎಷ್ಟು ಕೊಡ ನೀರು ಬೇಕೆಂಬುದು ಒಗೆದವರಿಗೇ ಗೊತ್ತು.

ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಪ್ರತಿ ಶಿವರಾತ್ರಿಗೆ ಸಿದ್ಧಾರೂಢ ಮಠದ ತೇರಿಗೆ ತಪ್ಪದೆ ಹೋಗುತ್ತಿದ್ದವರು ಒಂದು ವರ್ಷ "ನಾ ಒಲ್ಲೆವಾ, ಮೊಣಕಾಲ ನೋಯತಾವ" ಎಂದು ಮನೆಯಲ್ಲೇ ಉಳಿದರು. ಆಮೇಲೆ ಮದುವೆ, ಕುಬಸ ಎಲ್ಲ ಬಿಟ್ಟರು. ಧಾರವಾಡದ ಮಗಳ ಮನೆ ಇಪ್ಪತ್ತೇ ಕಿಲೋಮೀಟರು, 2018ರಿಂದ ಚಿಗರಿ ಬಸ್ಸು ಬೇರೆ, ಅದನ್ನೂ ಬಿಟ್ಟರು. ಕೊನೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಇದರಿಂದ ಕೇಡೇ ಹೆಚ್ಚು. ನೀರು ಕಡಿಮೆಯಾದರೆ ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಮಲಬದ್ಧತೆಯಾಗಿ ಅದು ಮತ್ತಷ್ಟು ಒತ್ತುತ್ತದೆ. ಮನೆಯವರು "ವಯಸ್ಸಾತು" ಎಂದರು.

ವಯಸ್ಸಾಯಿತು ಎಂಬುದು ಕಾರಣವಲ್ಲ, ಕೈ ತೊಳೆದುಕೊಳ್ಳುವ ಮಾತು. ಕೆಮ್ಮಿದಾಗ, ಸೀನಿದಾಗ ಹನಿಯುವುದು ಬೇರೆ, ಬಚ್ಚಲು ಮುಟ್ಟುವುದರೊಳಗೆ ತಡೆಯಲಾಗದೆ ಹೋಗುವುದು ಬೇರೆ. ಮೊದಲನೆಯದು ಹೆಚ್ಚಾಗಿ ಹೆರಿಗೆಗಳಲ್ಲಿ ಸಡಿಲಾದ ಸ್ನಾಯುಗಳದು, ಎರಡನೆಯದು ಕೆರಳಿದ ಮೂತ್ರಕೋಶದ್ದು. ಸಕ್ಕರೆ ಕಾಯಿಲೆ, ಸೋಂಕು, ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಇವೂ ಇರಬಹುದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದಕ್ಕೊಂದು ವ್ಯಾಯಾಮದ ಬಗ್ಗೆ ಬರೆದರು. ಒಂದಕ್ಕೆ ತಡೆಹಿಡಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಅಷ್ಟೆ. ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ದಿನವೂ ಬಿಡದೆ ಮೂರು ತಿಂಗಳು ಮಾಡಿದರೆ ಬಹಳ ಜನಕ್ಕೆ ಗುಣ ಕಾಣುತ್ತದೆ. ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಹೋಗಿಬರುವುದು, ಸಂಜೆಯ ಚಹಾ ಬಿಡುವುದೂ ಉಪಯೋಗಕ್ಕೆ ಬರುತ್ತವೆ. ಆದರೆ ಇದೆಲ್ಲ ಆಗಬೇಕಾದರೆ ಯಾರಾದರೊಬ್ಬರು ಮೊದಲು ಬಾಯಿ ಬಿಡಬೇಕಲ್ಲ?

ಆ ಮನೆಯಲ್ಲಿ ಬಾಯಿ ಬಿಟ್ಟವಳು ಸಣ್ಣ ಸೊಸೆ. ಮೆಂತ್ಯಪಲ್ಲೆ ಸೋಸುತ್ತ ಕೂತಾಗ, ಯಾರೂ ಇಲ್ಲದ್ದನ್ನು ನೋಡಿ, "ಅತ್ತಿ, ಎರಡನೇ ಹೆರಿಗಿ ಆದಾಗಿಂದ ನನಗ ಕೆಮ್ಮಿದ್ರ ಹನೀತದರಿ" ಎಂದಳಂತೆ. ಅಜ್ಜಿ ಬಹಳ ಹೊತ್ತು ಕಡ್ಡಿ ಮುರಿಯುತ್ತಲೇ ಇದ್ದು, "ನಿನಗೂನೇನ?" ಎಂದರಂತೆ. ಮುಂದಿನ ವಾರ ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋದರು. ಅವಳು ಅತ್ತೆಯ ಗುಟ್ಟನ್ನು ಬಯಲಿಗೆಳೆಯಲಿಲ್ಲ, ತನ್ನದನ್ನು ಮುಂದಿಟ್ಟಳು. ನನಗೆ ಅದು ಬಹಳ ಹಿಡಿಸಿತು.

ಕೆಲವರು ಋಣದ ಲೆಕ್ಕ ಹೇಳುತ್ತಾರೆ. ಸಣ್ಣವರಿದ್ದಾಗ ನಮ್ಮದನ್ನು ಅವರು ತೊಳೆದರು, ಈಗ ಅವರದನ್ನು ನಾವು ತೊಳೆಯಬೇಕು ಎಂದು. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಕೂಸು ಒದ್ದೆ ಮಾಡಿ ನಗುತ್ತದೆ. ಮುದುಕಿಗೆ ಇಡೀ ಆಯುಷ್ಯದ ಮಡಿ, ಮಾನ ಎಲ್ಲ ನೆನಪಿದೆ. ಅವಳನ್ನು ಕೂಸೆಂದು ತಿಳಿದರೆ ಹಗುರಾಗುವುದು ನಮ್ಮ ಕೆಲಸವೇ ಹೊರತು ಅವಳ ಸಂಕಟವಲ್ಲ. ಅಲ್ಲದೆ ಲೆಕ್ಕವೂ ತಪ್ಪು. ಸೊಸೆಯದನ್ನು ಅತ್ತೆ ಎಂದೂ ತೊಳೆದಿಲ್ಲ. ತೊಳೆಸಿಕೊಂಡವನು ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ.

ಈಗ ಔಷಧಿ ಅಂಗಡಿಗಳಲ್ಲಿ ದೊಡ್ಡವರ ಡೈಪರ್ ಸಿಗುತ್ತದೆ. ತೇರಿಗೆ, ಮದುವೆಗೆ ಹೊರಟವರಿಗೆ ಅದರಿಂದ ಎಷ್ಟೋ ಧೈರ್ಯ. ಆದರೆ ಕೈ ಹಿಡಿದರೆ ಬಚ್ಚಲಿನವರೆಗೆ ನಡೆಯಬಲ್ಲವರಿಗೆ, ರಾತ್ರಿ ಏಳುವವರಿಲ್ಲವೆಂದು ಅದನ್ನು ಹಾಕಿ ಮಲಗಿಸಿದರೆ? ದಿನವೆಲ್ಲ ದುಡಿದ ಸೊಸೆ ರಾತ್ರಿ ಮೂರು ಸಲ ಏಳಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಹಾಸಿಗೆಯನ್ನು ಬಚ್ಚಲ ಹತ್ತಿರ ಸರಿಸಿ, ಒಂದು ಸಣ್ಣ ದೀಪ ಹಚ್ಚಿಟ್ಟು, ಮಗ ನಾಲ್ಕು ರಾತ್ರಿ ಎದ್ದು ನೋಡಲಿ. ಆಮೇಲೆ ಡೈಪರ್ ಬೇಕೋ ಬೇಡವೋ ಎಂದು ತಾಯಿಯನ್ನೇ ಕೇಳಲಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ.